ಅವ್ವನ ಮುಂದಿದ್ದ ನಾಲ್ಕು ದಾರಿಗಳು



ಕಳೆದ ಸಲ ಊರಹಬ್ಬಕ್ಕೆಂದು ಪಲ್ಲಡಂನಿಂದ ಕೊಳ್ಳೇಗಾಲದ ಕಡೆಗೆ ಬಂದಿದ್ದೆವು. ಹಬ್ಬದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತಿದ್ದಾಗ, ನಮ್ಮ ಹಳೆಯ ಬೀದಿಯ ಹಿರಿಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಮನೆಯಾಕೆಗೆ ಎರಡೂ ಕಿಡ್ನಿ ಕೆಟ್ಟಿವೆಯಂತೆ, ಡಯಾಲಿಸಿಸ್‌ಗೆ ಸಿದ್ಧರಾಗಿ ಎಂದು ಮೈಸೂರಿನ ವೈದ್ಯರು ಹೇಳಿದ್ದಾರಂತೆ. "ನಿಮ್ಮವ್ವಂಗೆ ಮಾಡ್ಸಿದ್ರಲ್ಲ ಮಗಾ, ಒಂದ್ಸಲ ಶುರು ಮಾಡುದ್ರೆ ಬುಡಂಗಿಲ್ವಂತೆ, ಮಾಡ್ಸುದ್ರೂ ಉಳಿಯಲ್ವಂತೆ, ನಿಜವಾ?" ಎಂದು ಕೇಳಿದರು. ಅವರ ಕಣ್ಣಲ್ಲಿದ್ದ ಭಯ ನಮಗೆ ಹೊಸದಲ್ಲ. 2019ರಲ್ಲಿ ಅದೇ ಭಯ ನಮ್ಮ ಮನೆಯಲ್ಲೂ ಇತ್ತು.

ಅಂಗಳದಲ್ಲೇ ನಿಂತು ಅರ್ಧ ಗಂಟೆ ಮಾತನಾಡಿದೆವು. ಹೊರಡುವಾಗ ಅವರು, "ಇಷ್ಟೆಲ್ಲಾ ದಾರಿ ಅವೆ ಅಂತ ನಂಗೆ ಯಾರೂ ಯೋಳ್ನಿಲ್ಲ" ಎಂದರು. ನಮಗೂ ಆರಂಭದಲ್ಲಿ ಗೊತ್ತಿರಲಿಲ್ಲ. ಅದಕ್ಕಾಗಿಯೇ ಈ ಬರಹ. ನಾವು ವೈದ್ಯರಲ್ಲ, ನೇಯ್ಗೆಯ ಮನೆಯ ಮೂವರು ಮಕ್ಕಳು. ಅವ್ವನ ಜೊತೆ ಐದು ವರ್ಷ ಈ ಕಾಯಿಲೆಯೊಂದಿಗೆ ಬದುಕಿದೆವು. ಕಲಿತದ್ದನ್ನು, ನಾವು ಮಾಡಿದ ತಪ್ಪುಗಳ ಸಮೇತ, ನಿಮ್ಮ ಮುಂದೆ ಇಡುತ್ತಿದ್ದೇವೆ.

ಪ್ರಾರ್ಥನೆ ಪುಸ್ತಕದೊಳಗಿನ ಚೀಟಿ

ನಮ್ಮ ಅಜ್ಜನ ಕಾಲದಲ್ಲಿ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲದ ಮೇಲೆ ಆ ಕಡೆಗೆ ಹೋಗಿಬರುವುದು ನಮ್ಮ ಹಿರಿಯರಿಗೆ ಪರದೇಶಕ್ಕೆ ಹೋದಂತೆ ಇರಲಿಲ್ಲ. ಅಪ್ಪ ವಿದ್ಯುತ್ ಮಗ್ಗದ ಕೆಲಸ ಹುಡುಕಿಕೊಂಡು ಪಲ್ಲಡಂಗೆ ಬಂದಾಗ ನಮ್ಮಲ್ಲಿ ದೊಡ್ಡವಳು ಕೈಗೂಸು. ಉಳಿದಿಬ್ಬರು ಅಲ್ಲೇ ಹುಟ್ಟಿದೆವು. ಪಲ್ಲಡಂ ಎಂದರೆ ಎರಡಕ್ಕೆ ಹೆಸರು: ಒಂದು ಪವರ್‌ಲೂಮ್, ಇನ್ನೊಂದು ಬ್ರಾಯ್ಲರ್ ಕೋಳಿ. ಹಗಲು ರಾತ್ರಿ ಮಗ್ಗದ ಸದ್ದು, ಬೀದಿಗೆ ಬಂದರೆ ಕೋಳಿ ತುಂಬಿದ ಲಾರಿ. ಆ ಸೀಮೆಯ ನೇಕಾರರಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳು ಇರುವುದರಿಂದ ಅವ್ವನಿಗೆ ಭಾಷೆಯ ಒಂಟಿತನ ಅಷ್ಟಾಗಿ ಕಾಡಲಿಲ್ಲ. ಬಲಿಪೂಜೆ ತಮಿಳಿನಲ್ಲಿ, ಮನೆಯ ಜಪಸರ ಕನ್ನಡದಲ್ಲಿ. ಹೀಗೆ ನಡೆದಿತ್ತು ನಮ್ಮ ಬಾಳು.

ಅವ್ವನಿಗೆ 2004ರಲ್ಲಿ ಸಕ್ಕರೆ ಕಾಯಿಲೆ ಗೊತ್ತಾಯಿತು. ಮಾತ್ರೆ ನುಂಗುತ್ತಿದ್ದಳು, ಆದರೆ ಮಾತ್ರೆ ಮುಗಿದಾಗ ಹದಿನೈದು ದಿನ ಹಾಗೆಯೇ ಇರುತ್ತಿದ್ದಳು. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ವರ್ಷಗಟ್ಟಲೆ ನುಂಗಿದಳು. 2012ರಲ್ಲಿ ಅಪ್ಪ ತೀರಿಕೊಂಡ ಮೇಲೆ ತನ್ನ ಮೈ ಕಡೆಗೆ ನೋಡುವುದನ್ನೇ ಬಿಟ್ಟಳು. 2016ರಲ್ಲಿ ಒಂದು ಉಚಿತ ತಪಾಸಣಾ ಶಿಬಿರದಲ್ಲಿ ರಕ್ತ ಕೊಟ್ಟಿದ್ದಳು. 'ಕ್ರಿಯಾಟಿನಿನ್ 2.1, ಕಿಡ್ನಿ ತಜ್ಞರನ್ನು ಕಾಣಿ' ಎಂದು ಚೀಟಿ ಬರೆದುಕೊಟ್ಟರು. ಅವ್ವ ಅದನ್ನು ಮಡಿಸಿ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟಳು. ನಮ್ಮಲ್ಲಿ ಒಬ್ಬರೂ ಅದನ್ನು ಬಿಡಿಸಿ ನೋಡಲಿಲ್ಲ. ನೋವಿಲ್ಲ, ಮೂತ್ರ ಹೋಗುತ್ತಿದೆ, ಕೆಲಸ ಮಾಡುತ್ತಿದ್ದಾಳೆ, ಇನ್ನೇನು?

ಮೂತ್ರಪಿಂಡದ ಗುಣವೇ ಹಾಗೆ. ಪ್ರತಿಯೊಂದರಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಸೋಸುಕಗಳಿವೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದದ್ದನ್ನೆಲ್ಲ ಹಿಂದಕ್ಕೆ ಸೇರಿಸಿ, ಒಂದೂವರೆ ಲೀಟರ್‌ನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ರಕ್ತದೊತ್ತಡ ಹಿಡಿತದಲ್ಲಿಡುವುದು, ರಕ್ತ ಉತ್ಪತ್ತಿಗೆ ಸಹಾಯ ಮಾಡುವುದು, ಎಲುಬಿಗೆ ಬೇಕಾದ ಜೀವಸತ್ವವನ್ನು ಸಿದ್ಧಪಡಿಸುವುದು ಕೂಡ ಅವುಗಳ ಕೆಲಸವೇ. ಅರ್ಧದಷ್ಟು ಸೋಸುಕಗಳು ಸತ್ತರೂ ಉಳಿದವು ದುಡಿದು ತೂಗಿಸುತ್ತವೆ, ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬಹುಪಾಲು ಹೋಗಿರುತ್ತದೆ.

2019ರ ಜೂನ್‌ನಲ್ಲಿ ಅವ್ವನ ಮುಖ, ಕಾಲು ಊದಿಕೊಂಡವು. ಅನ್ನ ಕಂಡರೆ ವಾಕರಿಕೆ. ಒಂದು ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಎದ್ದು ಕುಳಿತವಳು ಬೆಳಗಿನವರೆಗೂ ಕುಳಿತೇ ಇದ್ದಳು. ಕೊಯಮತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಕ್ರಿಯಾಟಿನಿನ್ 11. ಶ್ವಾಸಕೋಶದಲ್ಲಿ ನೀರು. ಅಲ್ಲಿ ಯೋಚಿಸಲು ಸಮಯವೇ ಇರಲಿಲ್ಲ. ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕಿ ಅಂದೇ ಡಯಾಲಿಸಿಸ್ ಮಾಡಿದರು. "ಮೂರು ವರ್ಷ ಮೊದಲೇ ಬಂದಿದ್ದರೆ ಇದನ್ನು ತುಂಬಾ ಮುಂದಕ್ಕೆ ತಳ್ಳಬಹುದಿತ್ತು" ಎಂದರು ವೈದ್ಯರು. ಮನೆಗೆ ಬಂದು ಪ್ರಾರ್ಥನೆ ಪುಸ್ತಕ ತೆರೆದಾಗ ಆ ಚೀಟಿ ಸಿಕ್ಕಿತು. ಆ ರಾತ್ರಿ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೊದಲ ದಾರಿ: ಯಂತ್ರದ ಡಯಾಲಿಸಿಸ್

ನಮಗೆಲ್ಲ ತಿಳಿದಿರುವ ಡಯಾಲಿಸಿಸ್ ಇದೇ. ಇದಕ್ಕೆ ಹೀಮೋಡಯಾಲಿಸಿಸ್ ಎನ್ನುತ್ತಾರೆ. ರಕ್ತವನ್ನು ಒಂದು ಸೂಜಿಯಿಂದ ಹೊರಗೆ ತೆಗೆದು, ಸಾವಿರಾರು ಸಣ್ಣ ಎಳೆಗಳಿರುವ ಶೋಧಕದ ಮೂಲಕ ಹಾಯಿಸಿ, ಇನ್ನೊಂದು ಸೂಜಿಯಿಂದ ಮೈಗೆ ಹಿಂದಿರುಗಿಸುತ್ತಾರೆ. ಒಂದು ಸಲಕ್ಕೆ ನಾಲ್ಕು ಗಂಟೆ, ವಾರಕ್ಕೆ ಮೂರು ಸಲ.

ಇದಕ್ಕೆ ಬಳಕೆಗೆ ಒದಗುವಂಥ ಯಂತ್ರವನ್ನು ಮೊದಲು ರೂಪಿಸಿದವರು ನೆದರ್‌ಲ್ಯಾಂಡ್ಸ್ ದೇಶದ ವೈದ್ಯ ವಿಲ್ಲೆಮ್ ಕೋಲ್ಫ್. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಆ ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲ. ಏನೂ ಸಿಗದಿದ್ದ ಆ ದಿನಗಳಲ್ಲಿ, 1943ರಲ್ಲಿ, ಮಾಂಸದ ಸಾಸೇಜ್ ತುಂಬುವ ಸೆಲೋಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ ಅವರು ಯಂತ್ರ ಕಟ್ಟಿದರು. ಒಬ್ಬರ ಹಿಂದೆ ಒಬ್ಬರು ರೋಗಿಗಳು ತೀರಿಕೊಂಡರೂ ಕೈಬಿಡಲಿಲ್ಲ. 1945ರಲ್ಲಿ ಮೊದಲ ಬಾರಿಗೆ ಒಬ್ಬ ಹೆಂಗಸು ಬದುಕಿ ಉಳಿದಳು. ನಮ್ಮ ಬಾಬಿನ್‌ಗೆ ನೂಲು ಸುತ್ತಿದ ಹಾಗೆ ಎಂದು ಅವ್ವನಿಗೆ ವಿವರಿಸಿದಾಗ, "ಅಂಗಾರೆ ಇದೂ ನಮ್ ಕೆಲ್ಸವೇಯ" ಎಂದು ನಕ್ಕಿದ್ದಳು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಎಡಗೈಯಲ್ಲಿ ಫಿಸ್ಟುಲಾ ಎಂಬ ಸಣ್ಣ ಶಸ್ತ್ರಚಿಕಿತ್ಸೆ ಮಾಡಿದರು. ಶುದ್ಧರಕ್ತದ ನಾಳವನ್ನು ಅಶುದ್ಧರಕ್ತದ ನಾಳಕ್ಕೆ ಜೋಡಿಸಿದರೆ ಅದು ನಿಧಾನವಾಗಿ ದಪ್ಪವಾಗಿ ಬಲಿಯುತ್ತದೆ, ಪ್ರತಿ ಸಲ ಸೂಜಿ ಚುಚ್ಚಲು ಅನುಕೂಲ. ಬಲಿಯಲು ಆರರಿಂದ ಎಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಆದ್ದರಿಂದ ಡಯಾಲಿಸಿಸ್ ಬೇಕಾಗುತ್ತದೆ ಎಂದು ಗೊತ್ತಾದ ಕೂಡಲೇ, ತಿಂಗಳುಗಟ್ಟಲೆ ಮೊದಲೇ, ಇದನ್ನು ಮಾಡಿಸಿಟ್ಟುಕೊಳ್ಳಬೇಕು. ನಾವು ತಡಮಾಡಿದ್ದರಿಂದ ಅವ್ವ ಎರಡು ತಿಂಗಳು ಕುತ್ತಿಗೆಯ ನಳಿಕೆಯಲ್ಲೇ ಕಳೆದಳು. ನಳಿಕೆಯಿಂದ ಸೋಂಕು ತಗುಲುವ ಅಪಾಯ ಹೆಚ್ಚು. ಫಿಸ್ಟುಲಾ ಇರುವ ಕೈಯಲ್ಲಿ ಬಿ.ಪಿ. ನೋಡಬಾರದು, ರಕ್ತ ತೆಗೆಯಬಾರದು, ಭಾರ ಎತ್ತಬಾರದು. ಹೆಪಟೈಟಿಸ್ ಬಿ ಲಸಿಕೆಯನ್ನೂ ಮೊದಲೇ ಹಾಕಿಸಿಕೊಳ್ಳುವುದು ಒಳ್ಳೆಯದು.

ಊಟದ ಕಟ್ಟುಪಾಡು ಅವ್ವನಿಗೆ ಸೂಜಿಗಿಂತ ಕಷ್ಟವಾಯಿತು. ಮೂತ್ರ ಹೋಗದ ಮೇಲೆ ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ. ದಿನಕ್ಕೆ ಇಷ್ಟೇ ಎಂದು ಒಂದು ಬಾಟಲಿಯಲ್ಲಿ ಅಳೆದು ಇಡುತ್ತಿದ್ದೆವು. ಯಂತ್ರಕ್ಕೆ ಒಂದು ಸಲಕ್ಕೆ ನೂರಿಪ್ಪತ್ತು ಲೀಟರ್‌ನಷ್ಟು ಶುದ್ಧೀಕರಿಸಿದ ನೀರು ಹರಿಯುತ್ತದೆ, ಪಕ್ಕದಲ್ಲಿ ಮಲಗಿದ ಅವ್ವ ಒಂದು ಲೋಟ ನೀರಿಗೆ ಹಂಬಲಿಸುತ್ತಿದ್ದಳು. ಪಲ್ಲಡಂ ಸುತ್ತ ತೆಂಗಿನ ತೋಟ, ಆದರೆ ಎಳನೀರು ಮುಟ್ಟುವಂತಿಲ್ಲ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಕೆಟ್ಟವರಿಗೆ ಅದು ಹೃದಯವನ್ನೇ ನಿಲ್ಲಿಸಬಹುದು. "ಕಿಡ್ನಿಗೆ ಎಳನೀರು ಒಳ್ಳೆಯದು" ಎಂದು ತಂದುಕೊಡುವ ನೆಂಟರನ್ನು ತಡೆಯುವುದೇ ನಮಗೊಂದು ಕೆಲಸವಾಗಿತ್ತು. ಬಾಳೆಹಣ್ಣು, ಉಪ್ಪಿನಕಾಯಿ, ಹಪ್ಪಳ ಬಂದ್. ತರಕಾರಿಯನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ಪಲ್ಯ ಮಾಡಬೇಕು. ಸೊಪ್ಪಿನ ಸಾರಿಗೆ ಅವ್ವ ಹಂಬಲಿಸಿದಷ್ಟು ಬೇರೆ ಯಾವುದಕ್ಕೂ ಹಂಬಲಿಸಲಿಲ್ಲ.

ಆರಂಭದಲ್ಲಿ ಖಾಸಗಿಯಲ್ಲಿ ಒಂದು ಸಲಕ್ಕೆ ಸುಮಾರು 1,500 ರೂಪಾಯಿ ಕೊಟ್ಟೆವು. ರಕ್ತಹೀನತೆಯ ಚುಚ್ಚುಮದ್ದು, ಪ್ರಯಾಣ, ನಮ್ಮಲ್ಲಿ ಒಬ್ಬರ ದಿನಗೂಲಿ ಬೇರೆ. ಎರಡು ಮಗ್ಗ ಮಾರಿದೆವು. ಆಮೇಲೆ ಯಾರೋ ಹೇಳಿ ತಮಿಳುನಾಡು ಮುಖ್ಯಮಂತ್ರಿಗಳ ವಿಮೆಯ ಕಾರ್ಡ್ ಮಾಡಿಸಿದ ಮೇಲೆ ಉಸಿರಾಡುವಂತಾಯಿತು. ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್‌ಗೆ ಏರ್ಪಾಡು ಮಾಡಿತು. ನಮ್ಮ ಕರ್ನಾಟಕದಲ್ಲಿ ಅನೇಕ ತಾಲೂಕು ಆಸ್ಪತ್ರೆಗಳಲ್ಲೂ ಈ ಸೌಲಭ್ಯವಿದೆ. ಆದ್ದರಿಂದ ಮಗ್ಗವನ್ನೋ ಜಮೀನನ್ನೋ ಮಾರುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ.

ಎರಡನೇ ದಾರಿ: ಮನೆಯಲ್ಲೇ ಮಾಡುವ ಹೊಟ್ಟೆಯ ಡಯಾಲಿಸಿಸ್

2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಲಾಕ್‌ಡೌನ್ ಬಂತು. ಬಸ್ಸಿಲ್ಲ, ಮಗ್ಗವಿಲ್ಲ, ಕೂಲಿಯಿಲ್ಲ. ಕೊಯಮತ್ತೂರಿಗೆ ಮೂವತ್ತೈದು ಕಿಲೋಮೀಟರ್‌ನಷ್ಟು ದೂರ. ಮಗ್ಗದ ಮಾಲೀಕರೊಬ್ಬರು ತಮ್ಮ ಕಾರು ಕೊಟ್ಟದ್ದರಿಂದ, ಪಾಸ್ ತೋರಿಸಿ ಪ್ರತಿ ಚೆಕ್‌ಪೋಸ್ಟಿನಲ್ಲೂ ಅವ್ವನ ಕೈ ಎತ್ತಿ ಫಿಸ್ಟುಲಾ ತೋರಿಸಿ ಹೋಗಿಬಂದೆವು. ಒಂದು ವಾರ ಒಂದೇ ಸಲ ಹೋಗಲಾಯಿತು, ಅವ್ವನಿಗೆ ಮತ್ತೆ ಉಸಿರು ಕಟ್ಟಿತು. ಆಗ ವೈದ್ಯರು, "ಮನೆಯಲ್ಲೇ ಮಾಡಿಕೊಳ್ಳುವ ವಿಧಾನ ಒಂದಿದೆ, ಮಾಡುತ್ತೀರಾ?" ಎಂದು ಕೇಳಿದರು. ಇಂಥದೊಂದು ಇದೆ ಎಂದು ನಮಗೆ ಅಂದೇ ಗೊತ್ತಾದದ್ದು.

ಇದರ ಹೆಸರು ಪೆರಿಟೋನಿಯಲ್ ಡಯಾಲಿಸಿಸ್, ಆಸ್ಪತ್ರೆಯವರು ಸಿ.ಎ.ಪಿ.ಡಿ. ಎನ್ನುತ್ತಾರೆ. ನಮ್ಮ ಹೊಟ್ಟೆಯೊಳಗೆ ಕರುಳನ್ನು ಸುತ್ತಿರುವ ತೆಳುವಾದ ಪೊರೆಯೇ ಇಲ್ಲಿ ಶೋಧಕ. ಹೊಕ್ಕುಳಿನ ಹತ್ತಿರ ಮೃದುವಾದ ನಳಿಕೆ ಹಾಕುತ್ತಾರೆ. ಗಾಯ ಒಣಗಿದ ಮೇಲೆ ಅದರ ಮೂಲಕ ಎರಡು ಲೀಟರ್ ದ್ರವ ಹೊಟ್ಟೆಗೆ ಇಳಿಸಿ, ನಾಲ್ಕರಿಂದ ಆರು ಗಂಟೆ ಹಾಗೇ ಇಟ್ಟು, ಕಲ್ಮಶ ಸೇರಿದ ಆ ದ್ರವವನ್ನು ಖಾಲಿ ಚೀಲಕ್ಕೆ ಇಳಿಸಿ, ಹೊಸದನ್ನು ತುಂಬಬೇಕು. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಅರ್ಧ ಮುಕ್ಕಾಲು ಗಂಟೆ. ಉಳಿದ ಹೊತ್ತಿನಲ್ಲಿ ಓಡಾಡಬಹುದು, ಅಡಿಗೆ ಮಾಡಬಹುದು, ದೇವಾಲಯಕ್ಕೆ ಹೋಗಬಹುದು. ರಾತ್ರಿ ಮಲಗಿದಾಗ ಯಂತ್ರವೇ ದ್ರವ ಬದಲಿಸುವ ವಿಧಾನವೂ ಇದೆ, ಅದು ದುಬಾರಿ.

ನಮಗಿದ್ದ ಅಡಚಣೆ ಹತ್ತಿಯ ಧೂಳು. ಮನೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಈ ವಿಧಾನದಲ್ಲಿ ಶುಚಿತ್ವವೇ ಪ್ರಾಣ. ಹಿತ್ತಿಲ ಕಡೆಯ ಸಣ್ಣ ಕೋಣೆಗೆ ಗಾರೆ ಬಳಿದು, ನೆಲಕ್ಕೆ ಟೈಲ್ಸ್ ಹಾಕಿ, ಕೈ ತೊಳೆಯಲು ಬೇಸಿನ್ ಕೂರಿಸಿದೆವು. ಮಗ್ಗದ ಕಡೆಯ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಸಿದೆವು. ಆಸ್ಪತ್ರೆಯವರು ಒಂದು ವಾರ ಕಲಿಸಿಕೊಟ್ಟರು: ಬಾಗಿಲು ಹಾಕಬೇಕು, ಫ್ಯಾನ್ ನಿಲ್ಲಿಸಬೇಕು, ಮುಖಕ್ಕೆ ಮಾಸ್ಕ್, ಸೋಪಿನಿಂದ ಕೈ ತೊಳೆಯಬೇಕು, ನಳಿಕೆಯ ತುದಿ ಎಲ್ಲಿಗೂ ತಾಗಬಾರದು.

2020ರ ಆಗಸ್ಟ್‌ನಿಂದ ಅವ್ವನ ಮುಖ ಬದಲಾಯಿತು. ನೀರಿನ ಕಟ್ಟುಪಾಡು ಸಡಿಲವಾಯಿತು. ಸ್ವಲ್ಪ ಸೊಪ್ಪು ತಿನ್ನಬಹುದು ಎಂದಾಗ ಅಂದೇ ಸಾರು ಮಾಡಿಸಿಕೊಂಡಳು. ಪ್ರತಿದಿನ ದ್ರವದ ಜೊತೆ ಸ್ವಲ್ಪ ಪ್ರೊಟೀನ್ ಹೊರಹೋಗುವುದರಿಂದ ಮೊಟ್ಟೆಯ ಬಿಳಿಭಾಗ, ಕೋಳಿ ಹೆಚ್ಚಾಗಿ ಕೊಡಿ ಎಂದರು. ಪಲ್ಲಡಂನಲ್ಲಿ ಕೋಳಿಗೇನು ಬರ! ದ್ರವದಲ್ಲಿ ಸಕ್ಕರೆ ಅಂಶವಿರುವುದರಿಂದ ಇನ್ಸುಲಿನ್ ಮಾತ್ರ ಹೆಚ್ಚಿಸಬೇಕಾಯಿತು.

ಆದರೆ 2021ರ ಜನವರಿಯ ಒಂದು ಸಂಜೆ ನಮ್ಮಲ್ಲಿ ಒಬ್ಬರು ಅವಸರದಲ್ಲಿ ಮಾಸ್ಕ್ ಹಾಕದೆ, ಬಾಗಿಲು ಸರಿಯಾಗಿ ಮುಚ್ಚದೆ ಚೀಲ ಬದಲಿಸಿದೆವು. ಎರಡು ದಿನಕ್ಕೆ ಹೊರಬಂದ ದ್ರವ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು, ಹೊಟ್ಟೆನೋವು, ಜ್ವರ. ಪೊರೆಗೆ ಸೋಂಕು. ಅದೇ ಕಾರಣ ಎಂದು ಖಚಿತವಾಗಿ ಹೇಳಲಾಗದು ಎಂದು ವೈದ್ಯರು ಸಮಾಧಾನ ಹೇಳಿದರು. ಮಬ್ಬು ಕಂಡ ಕೂಡಲೇ ಹೋದದ್ದರಿಂದ ಔಷಧಿಗೆ ವಾಸಿಯಾಯಿತು. ಆ ಒಬ್ಬರು ಯಾರು ಎಂದು ನಾವು ಇಂದಿಗೂ ಬಾಯಿಬಿಟ್ಟು ಹೇಳಿಕೊಂಡಿಲ್ಲ. ಅವ್ವನಿಗೆ ಗೊತ್ತಿತ್ತು, ಅವಳೂ ಹೇಳಲಿಲ್ಲ.

ಚೀಲಗಳಿಗೆ ತಿಂಗಳಿಗೆ ಇಪ್ಪತ್ತು ಸಾವಿರ ದಾಟುತ್ತಿತ್ತು. 2021ರ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' (ಜನರನ್ನು ಹುಡುಕಿ ಬರುವ ವೈದ್ಯ ಸೇವೆ) ಯೋಜನೆ ಆರಂಭಿಸಿತು. ಅದರಲ್ಲಿ ಈ ಚೀಲಗಳನ್ನು ಮನೆಗೇ ತಲುಪಿಸುವ ಏರ್ಪಾಡೂ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದ ಮೇಲೆ ಆ ಭಾರವೂ ಇಳಿಯಿತು.

ಮೂರನೇ ದಾರಿ: ಕಿಡ್ನಿ ಕಸಿ

ಎಲ್ಲ ದಾರಿಗಳಲ್ಲಿ ಸಾಧ್ಯವಾದವರಿಗೆ ಅತ್ಯುತ್ತಮವಾದದ್ದು ಇದೇ ಎಂದು ವೈದ್ಯರು ಮೊದಲೇ ಹೇಳಿದ್ದರು. 1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ಅವಳಿ ಸಹೋದರರಲ್ಲಿ ಒಬ್ಬನ ಕಿಡ್ನಿಯನ್ನು ಇನ್ನೊಬ್ಬನಿಗೆ ಕಸಿ ಮಾಡಿ ಯಶಸ್ವಿಯಾದರು. ಅವರೂ ನಮ್ಮಂತೆ ಕಥೋಲಿಕರು, 1990ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಇದು ಯಶಸ್ವಿಯಾಯಿತು. 1994ರ ಕಾನೂನಿನ ಪ್ರಕಾರ ಅಂಗವನ್ನು ಮಾರುವುದು, ಕೊಳ್ಳುವುದು ಅಪರಾಧ. ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ ಹತ್ತಿರದ ದಾನಿಗಳು. ಆಮೇಲಿನ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದರು.

ನಾವು ಮೂವರೂ ಕೊಡುತ್ತೇವೆ ಎಂದೆವು. ಅವ್ವ ಒಪ್ಪಲಿಲ್ಲ. "ಒಂದೊಂದು ಕೂಸ್ಗೂ ಎರಡೆರಡು ಕೊಟ್ಟು ಹೆತ್ತಿವ್ನಿ. ಅದ್ನ ತಿರುಗಿ ಇಸ್ಕಳಕ್ಕಾ?" ಎಂದಳು. ಹೇಗೋ ಒಪ್ಪಿಸಿ ಪರೀಕ್ಷೆಗೆ ಹೋದೆವು. ದೊಡ್ಡವಳಿಗೆ ಎರಡನೇ ಹೆರಿಗೆಯಿಂದಲೂ ರಕ್ತದೊತ್ತಡ, ಅವಳು ಬೇಡ ಎಂದರು. ನಡುವಿನವನ ರಕ್ತದ ಗುಂಪು ಹೊಂದಲಿಲ್ಲ. ಕಿರಿಯವನದು ಓ ಗುಂಪು, ಯಾವ ಗುಂಪಿನವರಿಗೂ ಕೊಡಬಹುದು. ವಯಸ್ಸು ಇಪ್ಪತ್ತೊಂಬತ್ತು, ಗಟ್ಟಿಮುಟ್ಟು ಆಳು. ಅವನ ವರದಿ ನೋಡಿ ವೈದ್ಯರು ಸುಮ್ಮನಾದರು. ರಕ್ತದಲ್ಲಿ ಸಕ್ಕರೆ ಇತ್ತು, ಮೂತ್ರದಲ್ಲಿ ಆಗಲೇ ಅಲ್ಬುಮಿನ್ ಹೋಗುತ್ತಿತ್ತು. ಅವ್ವನ ದಾರಿಯಲ್ಲಿ ಅವನೂ ಮೊದಲ ಹೆಜ್ಜೆ ಇಟ್ಟಾಗಿತ್ತು, ಯಾರಿಗೂ ಗೊತ್ತಿರಲಿಲ್ಲ.

ಅಂದು ಬಸ್ಸಿನಲ್ಲಿ ಬರುವಾಗ ಅವ್ವ ಅವನ ಕೈ ಬಿಡಲೇ ಇಲ್ಲ. ತನಗೆ ಕಿಡ್ನಿ ಸಿಗಲಿಲ್ಲವೆಂದು ಅವಳು ಒಂದು ಮಾತೂ ಆಡಲಿಲ್ಲ. "ನನ್ ಕಾಯ್ಲೆ ನನ್ ಮಗನ್ನ ಯೆಚ್ಚರಿಸ್ತು" ಎಂದಷ್ಟೇ ಹೇಳಿದಳು.

ತಮಿಳುನಾಡಿನಲ್ಲಿ 2008ರಿಂದ ಮಿದುಳು ಸತ್ತವರ ಅಂಗಗಳನ್ನು ಸರದಿಯ ಪ್ರಕಾರ ಹಂಚುವ ವ್ಯವಸ್ಥೆಯಿದೆ. ಆ ವರ್ಷ ಅಪಘಾತಕ್ಕೀಡಾದ ಹಿತೇಂದ್ರನ್ ಎಂಬ ಬಾಲಕನ ಅಂಗಗಳನ್ನು ವೈದ್ಯರಾಗಿದ್ದ ಅವನ ತಂದೆತಾಯಿ ದಾನ ಮಾಡಿದ್ದು ಇಡೀ ರಾಜ್ಯವನ್ನು ಕಲಕಿತ್ತು. ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಸಂಸ್ಥೆ ಈ ಕೆಲಸ ಮಾಡುತ್ತಿದೆ. ಆದರೆ ಅವ್ವನ ಹೃದಯ ದುರ್ಬಲವಾಗಿದ್ದುದರಿಂದ ದೊಡ್ಡ ಶಸ್ತ್ರಚಿಕಿತ್ಸೆ ತಾಳುವುದಿಲ್ಲ ಎಂದರು. ಈ ದಾರಿ ನಮಗೆ ಮುಚ್ಚಿತು.

ನಿಮ್ಮ ಮನೆಯಲ್ಲಿ ಮುಚ್ಚಬೇಕಿಲ್ಲ. ಆರೋಗ್ಯವಂತರು ಒಂದೇ ಕಿಡ್ನಿಯಲ್ಲಿ ಬಾಳಬಹುದು. ಕೇರಳದ ತ್ರಿಶ್ಶೂರಿನ ಗುರು ಫಾದರ್ ಡೇವಿಸ್ ಚಿರಮೇಲ್ ಅವರು 2009ರಲ್ಲಿ ತಮ್ಮ ಒಂದು ಕಿಡ್ನಿಯನ್ನು ಹಿಂದೂ ಸಹೋದರರೊಬ್ಬರಿಗೆ ದಾನ ಮಾಡಿ ಎಷ್ಟೋ ಜನರ ಹೆದರಿಕೆ ಬಿಡಿಸಿದರು. ಜಗದ್ಗುರು ಎರಡನೇ ಜಾನ್ ಪೌಲರು 2000ನೇ ಇಸವಿಯಲ್ಲಿ ರೋಮಿನಲ್ಲಿ ಕಸಿ ವೈದ್ಯರ ಸಮಾವೇಶದಲ್ಲಿ ಮಾತನಾಡಿ ಅಂಗದಾನವನ್ನು ಪ್ರೀತಿಯ ಕಾರ್ಯವೆಂದು ಎತ್ತಿಹಿಡಿದರು. ಇನ್ನೊಂದು ಮಾತು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಹೆಂಡತಿಗೆ, ತಾಯಿಗೆ ಬೇಕಾದಾಗ ಮನೆಯ ಗಂಡಸರೂ ಮುಂದೆ ಬರಬೇಕಲ್ಲವೇ?

ನಾಲ್ಕನೇ ದಾರಿ: ನಿಲ್ಲಿಸುವುದು

ಹೊಟ್ಟೆಯ ಡಯಾಲಿಸಿಸ್ ಮೂರು ವರ್ಷ ಚೆನ್ನಾಗಿ ನಡೆಯಿತು. 2023ರ ಕೊನೆಗೆ ಪೊರೆಯ ಶಕ್ತಿ ಕುಂದಿ ನೀರು ಸರಿಯಾಗಿ ಬರದಾಯಿತು. ಇದು ಹಲವರಿಗೆ ಆಗುವಂಥದ್ದೇ. ಹಳೆಯ ಫಿಸ್ಟುಲಾ ಉಳಿದಿದ್ದುದರಿಂದ ಮತ್ತೆ ಯಂತ್ರಕ್ಕೆ ಹೋದೆವು. ಆದರೆ ಈ ಸಲ ಯಂತ್ರಕ್ಕೆ ಹಾಕಿದ ಅರ್ಧ ಗಂಟೆಗೆ ರಕ್ತದೊತ್ತಡ ಕುಸಿಯುತ್ತಿತ್ತು, ಕಾಲು ಸೆಟೆದುಕೊಳ್ಳುತ್ತಿತ್ತು, ಮನೆಗೆ ಬಂದರೆ ಮರುದಿನವೆಲ್ಲ ಏಳುತ್ತಿರಲಿಲ್ಲ. ಹೃದಯ ಸೋತಿತ್ತು.

2024ರ ಆರಂಭದಲ್ಲಿ ವೈದ್ಯರು ನಮ್ಮನ್ನೆಲ್ಲ ಕೂರಿಸಿ, ಅವ್ವನನ್ನೂ ಪಕ್ಕದಲ್ಲಿಟ್ಟುಕೊಂಡು ಮಾತನಾಡಿದರು. ಡಯಾಲಿಸಿಸ್ ಮುಂದುವರಿಸಬಹುದು. ಅಥವಾ ಅದನ್ನು ನಿಲ್ಲಿಸಿ, ಉಸಿರಾಟದ ಕಷ್ಟ, ತುರಿಕೆ, ನೋವು, ವಾಕರಿಕೆ ಇವಕ್ಕೆ ಮಾತ್ರ ಔಷಧಿ ಕೊಟ್ಟು ಮನೆಯಲ್ಲೇ ನೆಮ್ಮದಿಯಾಗಿ ಇಡಬಹುದು. ತೀರಾ ವಯಸ್ಸಾದವರು, ಬೇರೆ ದೊಡ್ಡ ಕಾಯಿಲೆಗಳಿರುವವರು ಮೊದಲಿನಿಂದಲೇ ಡಯಾಲಿಸಿಸ್ ಬೇಡವೆಂದು ಈ ದಾರಿ ಹಿಡಿಯುವುದೂ ಉಂಟು. ಕೈಬಿಡುವುದು ಬೇರೆ, ಇದು ಬೇರೆ ಎಂದರು.

ನಮ್ಮಲ್ಲಿ ದೊಡ್ಡವಳು ಅತ್ತಳು. ಕಿರಿಯವನು ಸಿಟ್ಟಿನಿಂದ ಹೊರಗೆ ಹೋದ. ಅವ್ವ ಮಾತ್ರ ಬೇರೆಯದನ್ನೇ ಯೋಚಿಸುತ್ತಿದ್ದಳು. ತಮಿಳು ಚೆನ್ನಾಗಿ ಬರುತ್ತಿದ್ದರೂ ಈ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಬೇಕು ಎಂದಳು. ಊರಿನ ಕಡೆಯ ಗುರುಗಳೊಬ್ಬರಿಗೆ ಫೋನ್ ಹಚ್ಚಿಕೊಟ್ಟೆವು. "ಸ್ವಾಮಿ, ಮಿಷನ್ನು ಬ್ಯಾಡ ಅಂದ್ರೆ ಪಾಪವಾ? ನನ್ ಜೀವ ನಾನೇ ತಕ್ಕಂಡಂಗಾಯ್ತದಾ?" ಎಂದಳು.

ಗುರುಗಳು ಅವಸರ ಮಾಡದೆ ಉತ್ತರಿಸಿದರು. ಪ್ರಾಣ ತೆಗೆಯುವುದನ್ನು ಧರ್ಮಸಭೆ ಎಂದಿಗೂ ಒಪ್ಪುವುದಿಲ್ಲ. ಆದರೆ ಚಿಕಿತ್ಸೆಯೇ ಹೊರಲಾರದ ಹೊರೆಯಾಗಿ, ಫಲಕ್ಕಿಂತ ಕಷ್ಟವೇ ಹೆಚ್ಚಾದಾಗ ಅದನ್ನು ನಿಲ್ಲಿಸುವುದು ತಪ್ಪಲ್ಲ, ಆಗ ನಾವು ಸಾವನ್ನು ತರುವುದಿಲ್ಲ, ಅದನ್ನು ತಡೆಯಲಾರೆವು ಎಂದು ಒಪ್ಪಿಕೊಳ್ಳುತ್ತೇವೆ. ತೀರ್ಮಾನ ರೋಗಿಯದೇ ಆಗಿರಬೇಕು, ಮಾಮೂಲಿ ಆರೈಕೆ ಕೊನೆಯವರೆಗೂ ನಿಲ್ಲಬಾರದು. ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲೇ ಇದು ಇದೆ ಎಂದರು. ಅವ್ವ ಫೋನ್ ಕೊಟ್ಟು, "ಅಂಗಾರೆ ಸರಿ" ಎಂದಳು.

ಪಲ್ಲಡಂನ ಗುರುಗಳು ಬಂದು ರೋಗಿಗಳ ಅಭ್ಯಂಗ ಸಂಸ್ಕಾರವನ್ನೂ ಪರಮಪ್ರಸಾದವನ್ನೂ ಕೊಟ್ಟರು. ವೈದ್ಯರು ಕೊಟ್ಟ ಔಷಧಿಗಳಿಂದ ನೋವು ಹಿಡಿತದಲ್ಲಿತ್ತು. ಒಂದು ಮಧ್ಯಾಹ್ನ ಎಳನೀರು ಕೇಳಿದಳು. ಐದು ವರ್ಷದಲ್ಲಿ ಮೊದಲ ಸಲ ನಾವು ಬೇಡ ಎನ್ನಲಿಲ್ಲ. ಎರಡು ಗುಟುಕು ಕುಡಿದಳು. ಹನ್ನೊಂದನೆಯ ದಿನ ಬೆಳಗಿನ ಜಾವ, ಮಗ್ಗಗಳು ಓಡುತ್ತಿರುವ ಹೊತ್ತಿನಲ್ಲೇ, ನಿದ್ದೆಯಲ್ಲೇ ಹೋದಳು.

ನಿಮ್ಮಲ್ಲಿ ಒಂದು ವಿನಂತಿ

ಅಂಗಳದಲ್ಲಿ ಆ ಹಿರಿಯರು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಡಯಾಲಿಸಿಸ್ ಸಾವಿನ ಚೀಟಿಯಲ್ಲ. ನಮ್ಮ ಅವ್ವ ಅದರಿಂದ ಐದು ವರ್ಷ ಬದುಕಿದಳು, ಮೊಮ್ಮಗಳ ಮೊದಲ ಪರಮಪ್ರಸಾದ ಕಂಡಳು. ಆದರೆ ದಾರಿ ಒಂದೇ ಅಲ್ಲ. ಯಾವುದು ಯಾರಿಗೆ ಎಂಬುದು ಅವರ ವಯಸ್ಸು, ಹೃದಯ, ಮನೆ, ಆಸ್ಪತ್ರೆಯ ದೂರ, ಜೊತೆಗಿರುವ ಕೈಗಳು ಇವನ್ನು ನೋಡಿ ತೀರ್ಮಾನವಾಗಬೇಕು. ವೈದ್ಯರ ಮುಂದೆ ಕುಳಿತಾಗ ನಾಲ್ಕನ್ನೂ ಕೇಳಿ: ಯಂತ್ರವೇ, ಮನೆಯಲ್ಲೇ, ಕಸಿಯೇ, ಅಥವಾ ಆರೈಕೆ ಮಾತ್ರವೇ? ರೋಗಿಯನ್ನು ಹೊರಗೆ ಕೂರಿಸಿ ಮಾತನಾಡಬೇಡಿ, ಮೈ ಅವರದು. ಕುತ್ತ ಬಂದ ರಾತ್ರಿ ಆಯ್ಕೆಗೆ ಅವಕಾಶವಿರುವುದಿಲ್ಲ. ಮೊದಲೇ ಗೊತ್ತಾದವರಿಗೆ ಮಾತ್ರ ಆಯ್ಕೆ ಇರುತ್ತದೆ.

ಮೊದಲೇ ಗೊತ್ತಾಗಬೇಕಾದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕೆಟ್ಟಿರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಬೇಕು. ಖರ್ಚು ದೊಡ್ಡದಲ್ಲ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ದಿನವೂ ನುಂಗಬೇಡಿ.

ನಮ್ಮ ಕಿರಿಯವನಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ. ಹೋದ ಸಲದ ವರದಿಯಲ್ಲಿ ಸಕ್ಕರೆ ಹಿಡಿತದಲ್ಲಿದೆ, ಕ್ರಿಯಾಟಿನಿನ್ ಸರಿಯಾಗಿದೆ. ಅವ್ವನ ಪ್ರಾರ್ಥನೆ ಪುಸ್ತಕ ಈಗ ಅವನ ಬಳಿ ಇದೆ. ವರದಿಗಳನ್ನು ಅದರೊಳಗೇ ಇಡುತ್ತಾನೆ. ಆದರೆ ಈಗ ಇಡುವ ಮೊದಲು ನಾವು ಮೂವರೂ ಬಿಡಿಸಿ ಓದುತ್ತೇವೆ.